ನಿಂತೇ ಉಣ್ಣುತ್ತಿದ್ದ ಐತಾಳ

ಪಂಢರಿನಾಥ ರಾಯರ ಮಗಳು ನೀರಜಾ ನಮ್ಮ ಹೋಟೆಲಿಗೆ ಬಂದು, "ಒಂದು ತಿಂಗಳು ಇಲ್ಲಿ ಕೂತ್ಕೊಂಡು ಸುಮ್ನೆ ನೋಡ್ತೀನಿ, ಪರ್ಮಿಷನ್ ಕೊಡ್ತೀರಾ ಮಾಮಾ" ಎಂದು ಕೇಳಿದಾಗ ನಮ್ಮವರು ಹಿಂದುಮುಂದು ನೋಡದೆ ಒಪ್ಪಿಕೊಂಡುಬಿಟ್ಟರು. ಏನನ್ನು ನೋಡುತ್ತೀ ಎಂದು ಕೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ರಾಯರದು ತಲೆಮಾರುಗಳಿಂದ ಮದ್ರಾಸಿನ ಮೈಲಾಪೂರಿನಲ್ಲಿ ನೆಲೆಸಿದ ಮನೆತನ, ದಿನಾ ಮಧ್ಯಾಹ್ನ ಅವರ ಮನೆಗೆ ನಮ್ಮಲ್ಲಿಂದ ದೋಸೆಯ ಪೊಟ್ಟಣ ಹೋಗುತ್ತಿತ್ತು. ದೊಡ್ಡ ಮನೆಯವರು ಏನು ಕೇಳಿದರೂ ಹೂಂ ಎನ್ನುವುದು ನನ್ನ ಗಂಡ ಶಂಕರನಾರಾಯಣನ ಹುಟ್ಟುಗುಣ. ಗಂಡನ ಹೆಸರು ಹಿಡಿದು ಬರೆದಳೆಂದು ಯಾರೂ ಬೇಸರಿಸಬೇಡಿ, ಈ ಕತೆಯಲ್ಲಿ ಇನ್ನೂ ದೊಡ್ಡ ಮೈಲಿಗೆಗಳಿವೆ.

ಇದು ಐವತ್ತೆಂಟನೆಯ ಇಸವಿಯ ಮಾತು. ನೀರಜಾ ಎಂ.ಎ. ಓದುತ್ತಿದ್ದಳು. ಅವಳ ವಿಷಯ ಸಮಾಜಶಾಸ್ತ್ರ. ಅಂಥದೊಂದು ಶಾಸ್ತ್ರ ಇದೆಯೆಂದು ನಾನು ಕೇಳಿದ್ದು ಆವತ್ತೇ. ಅದರಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದೆ. "ಜನ ಹೇಗೆ ಬದುಕ್ತಾರೆ ಅಂತ, ಮಾಮಿ" ಎಂದಳು. ಅದಕ್ಕೆ ಕಾಲೇಜು ಯಾಕೆ, ಜಗಲಿಯಲ್ಲಿ ಕೂತರೆ ಸಾಲದೇ ಎಂದು ನಾನು ನಕ್ಕೆ. ಅವಳೂ ನಕ್ಕಳು. ಮರುದಿನದಿಂದ ಬಂದು ಮೂಲೆಯ ಮೇಜಿನಲ್ಲಿ ಕೂತು, ಒಂದೇ ಕಾಫಿಯನ್ನು ಬೆಳಗಿನ ಹೊತ್ತೆಲ್ಲ ಕುಡಿಯುತ್ತಿದ್ದಳು. ಗಲ್ಲಾಪೆಟ್ಟಿಗೆಯ ಮುಂದೆ ಕೂತ ನಮ್ಮವರಿಗೆ ಆ ಒಂದು ಕಾಫಿಯನ್ನು ನೋಡಿ ನೋಡಿ ಸಂಕಟವಾಗುತ್ತಿತ್ತು.

ನಾವಿದ್ದದ್ದು ಹೋಟೆಲಿನ ಮಹಡಿಯ ಮೇಲೆ. ನಾನು ದಿನಕ್ಕೆ ನಾಲ್ಕಾರು ಸಲ ಕೆಳಗಿಳಿದು ಅಡಿಗೆಮನೆ ನೋಡಿಕೊಳ್ಳುತ್ತಿದ್ದೆ. ಎಲ್ಲ ನನಗೆ ಗೊತ್ತು ಎಂಬ ಗರ್ವ ನನಗಿತ್ತು. ಒಂದು ವಾರದ ಮೇಲೆ ನೀರಜಾ ನನ್ನನ್ನು ಕೇಳಿದಳು.

"ಮಾಮಿ, ಆ ಒಳಗಿನ ರೂಮಿಗೆ ಮುಂಚೆ ಬೋರ್ಡ್ ಇತ್ತಲ್ವಾ?"

ಇತ್ತು. ಬ್ರಾಹ್ಮಣರಿಗೆ ಮಾತ್ರ ಎಂದು. ಕಾಯಿದೆ ಬಂದ ಮೇಲೆ ಅದನ್ನು ಇಳಿಸಿ ಎಷ್ಟೋ ವರ್ಷವಾಗಿತ್ತು. ಈಗ ಯಾರು ಎಲ್ಲಿ ಬೇಕಾದರೂ ಕೂರಬಹುದು ಎಂದು ಹೇಳಿದೆ.

"ಕೂರಬಹುದು. ಆದ್ರೆ ಯಾರೂ ಕೂರಲ್ಲ, ನೋಡಿದೀರಾ?" ಎಂದಳು.

ಮರುದಿನ ನೋಡಿದೆ. ನಿಜ. ವಕೀಲ ತಿರುಮಲ ರಾಯರು, ಕಚೇರಿಯ ಗುಮಾಸ್ತರು, ನಾಮದವರು, ಪಂಚೆಯವರು ಎಲ್ಲರೂ ನೇರ ಒಳಗೆ ಹೋಗುತ್ತಾರೆ. ತರಕಾರಿಯವನು, ರಿಕ್ಷಾದವನು, ಪ್ರೆಸ್ಸಿನ ಹುಡುಗರು ಹೊರಗಿನ ಮೇಜು ಹುಡುಕುತ್ತಾರೆ, ಅದು ತುಂಬಿದ್ದರೆ ಕಾಯುತ್ತಾರೆ. ಒಳಗೆ ಬೆಂಚು ಖಾಲಿಯಿದ್ದರೂ ಕಾಯುತ್ತಾರೆ. ಯಾರೂ ತಡೆಯುತ್ತಿರಲಿಲ್ಲ. ಬೋರ್ಡಿನ ಮೊಳೆ ಮಾತ್ರ ಗೋಡೆಯಲ್ಲಿ ಉಳಿದಿತ್ತು. ದಿನಾ ಕಣ್ಣೆದುರಿಗಿದ್ದದ್ದು ನನಗೆ ಈ ಹುಡುಗಿ ತೋರಿಸಿಕೊಡಬೇಕಾಯಿತಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು.

ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು. ಇಷ್ಟು ನೋಡುವವಳು ಐತಾಳನನ್ನೂ ನೋಡುತ್ತಾಳೆ.

ಐತಾಳ ನಮ್ಮ ದೋಸೆ ಹಾಕುವವನು. ಕಪಾಲಿ ದೇವಸ್ಥಾನದ ಕೊಳದ ಸುತ್ತ ಹೋಟೆಲುಗಳಿಗೇನು ಬರಗಾಲವೇ, ಆದರೆ ಜನ ನಮ್ಮಲ್ಲಿಗೆ ಬರುತ್ತಿದ್ದದ್ದು ಅವನ ಕೈಯ ದೋಸೆಗೆ. ಅವನ ನಿಜವಾದ ಹೆಸರು ಐತಪ್ಪ. ಕಾಪುವಿನ ಕಡೆಯ ಬಿಲ್ಲವರವನು, ಅವನ ಅಪ್ಪ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ನಮ್ಮಲ್ಲಿ ಮೇಜು ಒರೆಸಲು ಸೇರಿದ್ದ. ಒಂದು ದಿನ ಬೆಳಿಗ್ಗೆ ದೋಸೆಯ ಭಟ್ಟರು ಯಾರಿಗೂ ಹೇಳದೆ ಬೇರೆ ಹೋಟೆಲಿಗೆ ಹೋಗಿಬಿಟ್ಟರು. ಹಿಟ್ಟು ಉಕ್ಕಿ ನಿಂತಿದೆ, ಹೊರಗೆ ಜನ ತುಂಬಿದ್ದಾರೆ, ನಮ್ಮವರು ತಲೆಗೆ ಕೈಕೊಟ್ಟು ಕೂತಿದ್ದಾರೆ. ಐತಪ್ಪ ಕೈ ತೊಳೆದುಕೊಂಡು ಬಂದು ಕಾವಲಿಯ ಮುಂದೆ ನಿಂತ. ಅಷ್ಟು ದಿನ ಬಾಗಿಲಿನಿಂದ ನೋಡಿಯೇ ಕಲಿತಿದ್ದ. ಆವತ್ತು ಹಿಡಿದ ಸಟ್ಟುಗವನ್ನು ಅವನು ಕೆಳಗಿಟ್ಟಿರಲಿಲ್ಲ.

ಎರಡನೆಯ ದಿನ ನಮ್ಮವರು ಅವನಿಗೆ ಜನಿವಾರ ಹಾಕಿಸಿದರು, ನಮ್ಮ ಉಡುಪಿಯ ಅಡಿಗೆಯವರಂತೆ ಹಣೆಗೆ ಗೋಪೀಚಂದನದ ನಾಮ ಎಳೆಸಿದರು. ಮೂರನೆಯ ದಿನ ವಕೀಲರ ಎದುರಿಗೆ ಅಭ್ಯಾಸಬಲದಿಂದ "ಐತ" ಎಂದು ಕೂಗಿದವರು ನಾಲಿಗೆ ಕಚ್ಚಿಕೊಂಡು, "ಐತಾಳರೇ, ಒಂದು ರೋಸ್ಟ್" ಎಂದು ಮುಗಿಸಿದರು. ನಮ್ಮ ಕಡೆ ಅದು ಬ್ರಾಹ್ಮಣರ ಅಡ್ಡಹೆಸರು. ಅಂದಿನಿಂದ ಅವನು ಐತಾಳ. ಹೋಟೆಲಿನ ಒಳಗಿನವರಿಗೆಲ್ಲ ಗೊತ್ತಿತ್ತು. ಹೊರಗೆ ಯಾರಿಗೂ ಗೊತ್ತಿಲ್ಲವೆಂದು ನಾವು ತಿಳಿದಿದ್ದೆವು. ಅವನ ಹೆಂಡತಿ ಜಲಜಾಕ್ಷಿಯನ್ನು ಮೈಲಾಪೂರಿಗೆ ಕರೆತರುವಂತಿರಲಿಲ್ಲ, ದೂರದ ಪಲ್ಲಾವರದಲ್ಲಿ ಮನೆ ಮಾಡಿಸಿದ್ದೆವು. ಅಲ್ಲಿಯ ಶುಕ್ರವಾರದ ಸಂತೆಯಲ್ಲಿ ಅವಳು ಒಣಮೀನು ಕೊಂಡು ಸಾರು ಮಾಡುತ್ತಿದ್ದಳು. ವಾರದ ರಜೆ ಮುಗಿಸಿ ಬರುವಾಗ ಅವನು ಮೈಗೆ ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಸ್ನಾನ ಮಾಡಿ ಬರುತ್ತಿದ್ದ.

ಎರಡನೆಯ ವಾರದ ಕೊನೆಗೆ ನೀರಜಾ ಅಡಿಗೆಮನೆಯ ಬಾಗಿಲಿಗೇ ಬಂದು ಕೂತಳು. ಬೆಳಗಿನ ಗದ್ದಲ ಮುಗಿದು ಕೆಲಸದವರು ಊಟಕ್ಕೆ ಕೂರುವ ಹೊತ್ತು. ಹಿರಿ ಭಟ್ಟರು ಮತ್ತು ಅಡಿಗೆಯವರು ಒಳಗೆ ಸಾಲಾಗಿ ಎಲೆ ಹಾಕಿ ಕೂತರು. ಕ್ಲೀನರ್ ಚಂದು, ನೀರು ಹೊರುವವರು ಹಿತ್ತಿಲಲ್ಲಿ ಕೂತರು. ಐತಾಳ ಕಾವಲಿಯ ಹಿಂದೆ ಗೋಡೆಗೆ ಒರಗಿ, ಕೈಯಲ್ಲಿ ಬಾಳೆಲೆಯ ತುಂಡು ಹಿಡಿದು, ನಿಂತೇ ಉಂಡ.

"ಮಾಮಿ, ಐತಾಳರು ಯಾಕೆ ನಿಂತ್ಕೊಂಡು ತಿಂತಾರೆ?" ಎಂದು ನೀರಜಾ ಕೇಳಿದಳು.

"ಅವನಿಗೆ ಒಲೆಯ ಹತ್ತಿರ ಬಿಸಿಬಿಸಿ ತಿಂದರೇ ರುಚಿ" ಎಂದೆ. ಇದು ನಾವು ಎಲ್ಲರಿಗೂ ಹೇಳುತ್ತಿದ್ದ ಮಾತು. ಹೇಳಿ ಹೇಳಿ ನನಗೇ ನಿಜವೆನಿಸಿತ್ತು. ಅವನು ತಿನ್ನುತ್ತಿದ್ದದ್ದು ತಣ್ಣಗಾದ ಅನ್ನ ಎಂದು ಆವತ್ತೇ ನನ್ನ ಕಣ್ಣಿಗೆ ಬಿದ್ದದ್ದು. ಒಳಗಿನ ಸಾಲಿಗೆ ಅವನನ್ನು ಹಿರಿ ಭಟ್ಟರು ಸೇರಿಸುತ್ತಿರಲಿಲ್ಲ. ಹಿತ್ತಿಲಲ್ಲಿ ಕೂರೋಣವೆಂದರೆ ಜನಿವಾರದ ಐತಾಳ ಕ್ಲೀನರುಗಳ ಜತೆ ಕೂತದ್ದನ್ನು ಯಾರಾದರೂ ಕಂಡಾರೆಂದು ನಮ್ಮವರು ಬಿಡುತ್ತಿರಲಿಲ್ಲ. ಅವನಿಗೆ ಕೂರಲು ಜಾಗವೇ ಇರಲಿಲ್ಲ.

ಹೋಗುವಾಗ ನೀರಜಾ ಹೇಳಿದಳು: "ಸೋಮವಾರ ಎಲ್ಲರ ಹತ್ರಾನೂ ಒಬ್ಬೊಬ್ರಾಗಿ ಮಾತಾಡ್ತೀನಿ. ಊರು ಯಾವುದು, ಯಾವ ಜನ, ಹೇಗೆ ಬಂದ್ರಿ ಅಂತ. ಮೊದಲು ಐತಾಳರು."

ಆ ಸಂಜೆ ನಮ್ಮವರಿಗೆ ಕಾಫಿಯೂ ಇಳಿಯಲಿಲ್ಲ. ಹಿಂದಿನ ವರ್ಷ ಹೋಟೆಲುಗಳ ಹೆಸರಿನ ಬೋರ್ಡಿನಿಂದ ಬ್ರಾಹ್ಮಣ ಎಂಬ ಶಬ್ದ ಅಳಿಸಬೇಕೆಂದು ಊರಲ್ಲಿ ಚಳವಳಿ ನಡೆದಿತ್ತು. ಯಾರೂ ಬಂದು ಕೇಳುವ ಮೊದಲೇ ಇವರು ಪೈಂಟರನ್ನು ಕರೆಸಿ ನಮ್ಮ ಬೋರ್ಡಿನ ಆ ಶಬ್ದಕ್ಕೆ ಬಣ್ಣ ಬಳಿಸಿದ್ದರು. ಹಳೆಯ ಹಸಿರಿನ ನಡುವೆ ಒಂದು ತುಂಡು ಹೊಸ ಹಸಿರು ಎದ್ದು ಕಾಣುತ್ತಿತ್ತು.

"ಎಂತ ಮಾಡುದು ಸರಸ? ಮಡಿಯವರಿಗೆ ಗೊತ್ತಾದರೆ ಅವರು ಬರುದಿಲ್ಲ. ಚಳವಳಿಯವರಿಗೆ ಗೊತ್ತಾದರೆ, ಜನಿವಾರ ಹಾಕಿ ಮೋಸ ಮಾಡಿದ್ದೀಯಾ ಅಂತ ಅವರೂ ಬಿಡುದಿಲ್ಲ" ಎಂದರು. ನಾವು ಮನೆಯಲ್ಲಿ ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ಅಪ್ಪಣೆ ಕೊಡುವಾಗ ನನ್ನನ್ನು ಕೇಳಿದ್ದೀರಾ?" ಎಂದೆ. ಆ ಹೊತ್ತಿಗೆ ಆಡುವ ಮಾತಲ್ಲ, ಆದರೆ ಆಡದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಅವರಿಗೆ ತೋಚಿದ್ದು ಒಂದೇ ದಾರಿ. ಐತಪ್ಪನನ್ನು ಪೋರೂರಿಗೆ ಕಳಿಸುವುದು. ಅಲ್ಲಿ ಕೆರೆಯ ಹತ್ತಿರ ನಮ್ಮ ಭಾವನವರ ಒಂದು ಸಣ್ಣ ಕಾಫಿ ಕ್ಲಬ್ಬಿತ್ತು, ಲೋಟ ತೊಳೆಯುವ ಕೆಲಸವಿತ್ತು. ಐತಪ್ಪನನ್ನು ಮೇಲೆ ಕರೆದು ಹೇಳಿದರು. ಅವನು ಬಾಗಿಲ ಹೊರಗೇ ನಿಂತು ಕೇಳಿದ.

"ಹೋಗು ಅಂದರೆ ಹೋಗ್ತೇನೆ ಧನಿ" ಎಂದ. "ಆದರೆ ಲೋಟ ತೊಳೆಯಲಿಕ್ಕೆ ಹೋದರೆ ಮತ್ತೆ ಕಾವಲಿ ನನಗೆ ಸಿಗುದಿಲ್ಲ. ಅದು ನನಗೆ ಗೊತ್ತುಂಟು."

ಮತ್ತೆ ಅವನೇ, "ಇಲ್ಲೇ ಇದ್ದರೆ ಆ ಮಗುವಿನ ಹತ್ತಿರ ಸುಳ್ಳು ಹೇಳಬೇಕು. ಅದೂ ನನ್ನಿಂದ ಆಗುದಿಲ್ಲ. ಬಚ್ಚಿ ಹೋಗಿದೆ ಧನಿ" ಎಂದ.

ಬಚ್ಚುವುದು ಎಂದರೆ ನಮ್ಮ ಕಡೆ ದಣಿಯುವುದು. ಇಷ್ಟು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಅವನು ಮೆಟ್ಟಿಲು ಇಳಿದುಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮರುದಿನ ಭಾನುವಾರ ಮಧ್ಯಾಹ್ನ ದೋಸೆಯ ಪೊಟ್ಟಣವನ್ನು ನಾನೇ ಹಿಡಿದುಕೊಂಡು ಪಂಢರಿನಾಥ ರಾಯರ ಮನೆಗೆ ಹೋದೆ. ರಾಯರ ತಾಯಿ ಭೀಮಾಬಾಯಿಯವರ ಕಾಲು ಹಿಡಿದಾದರೂ ಮೊಮ್ಮಗಳನ್ನು ತಡೆಯಿರಿ ಎನ್ನಬೇಕೆಂದು ನನ್ನ ಲೆಕ್ಕಾಚಾರ. ಭೀಮಾಬಾಯಿಯವರೆಂದರೆ ಬೀದಿಗೆಲ್ಲ ಭಯ. ಮಡಿ ಹೆಂಗಸು, ಹೊರಗಿನ ನೀರು ಸಹ ಮುಟ್ಟುವವರಲ್ಲ, ರಾತ್ರಿ ಫಲಾಹಾರ ಮಾತ್ರ. ನಮ್ಮ ದೋಸೆ ಹೋಗುತ್ತಿದ್ದದ್ದು ರಾಯರಿಗೆಂದು ನಾವು ತಿಳಿದಿದ್ದೆವು.

ಮುಂಬಾಗಿಲು ಹಾಕಿತ್ತು. ಹಿತ್ತಿಲ ಕಡೆಯಿಂದ ಹೋದೆ. ತುಳಸಿಕಟ್ಟೆಯ ಹಿಂದೆ ಮಣೆ ಹಾಕಿಕೊಂಡು ಅಜ್ಜಿ ಒಬ್ಬರೇ ಕೂತಿದ್ದರು. ನನ್ನ ಕೈಯ ಪೊಟ್ಟಣ ನೋಡಿದ ಕೂಡಲೇ ಮುಖ ಅರಳಿತು. ಆಮೇಲೆ ಪೊಟ್ಟಣ ಹಿಡಿದವಳು ನಾನೆಂದು ಕಂಡು ಮುಖ ಚಿಕ್ಕದಾಯಿತು.

"ನೀನ್ಯಾಕಮ್ಮಾ ತಂದೆ? ಶರಿ, ಬಾ, ಕೂತ್ಕೋ. ಯಾರಿಗೂ ಹೇಳ್ಬೇಡ" ಎಂದರು.

ಅವರು ಪೊಟ್ಟಣ ಬಿಚ್ಚಿ, ಮೆತ್ತಗಿನ ದೋಸೆಯ ತುಂಡು ಮುರಿದು ಬಾಯಿಗೆ ಹಾಕಿಕೊಳ್ಳುವುದನ್ನು ನಾನು ಬಾಯಿ ತೆರೆದು ನೋಡುತ್ತ ಕೂತೆ.

"ಹಲ್ಲಿಲ್ಲದವಳಿಗೆ ಇದೊಂದೇ ಇಳಿಯೋದು ಸರಸಮ್ಮ. ದೋಸೆ ಅಂದ್ರೆ ಊಟ ಅಲ್ಲವಲ್ಲ, ಫಲಾಹಾರ" ಎಂದು ಅವರೇ ಸಮಾಧಾನ ಹೇಳಿಕೊಂಡರು.

ಬಂದ ಕೆಲಸ ಹೇಗೆ ಹೇಳಲಿ? ಐತಾಳನ ಗುಟ್ಟು ಹೇಳಿದರೆ, ಈ ಮಡಿ ಅಜ್ಜಿ ವರ್ಷಗಟ್ಟಲೆ ತಿಂದದ್ದು ಬಿಲ್ಲವನ ಕೈಯದೆಂದು ಹೇಳಿದ ಹಾಗೆ. ಹೇಳದಿದ್ದರೆ ನಾಳೆ ಮೊಮ್ಮಗಳೇ ಬಂದು ಹೇಳುತ್ತಾಳೆ. "ಅಜ್ಜಿ, ನಮ್ಮ ಐತಾಳನ ವಿಷಯ" ಎಂದು ಶುರುಮಾಡಿ ಅಲ್ಲಿಗೇ ನಿಂತೆ.

"ಅವನು ಐತಾಳ ಅಲ್ಲ" ಎಂದರು ಭೀಮಾಬಾಯಿ, ದೋಸೆ ಮೆಲ್ಲುತ್ತಲೇ.

"ನಿಮಗೆ ಯಾರು ಹೇಳಿದರು ಅಜ್ಜಿ?" ಎಂದೆ.

"ನಮ್ಮನೆ ಮದುವೇಲಿ ಇದೇ ಹಿತ್ತಿಲಲ್ಲಿ ದೋಸೆ ಹಾಕ್ದ ನೋಡು, ಆಗ್ಲೇ ಗೊತ್ತಾಯ್ತು. ಹೆಸರೇನಪ್ಪಾ ಅಂದೆ. ಐತಾಳ ಅಂದ. ಹಣೆ ನೋಡಿದ್ರೆ ಗೋಪೀಚಂದನ. ನಾನು ಉಡುಪಿಗೆ ಹೋದಾಗ ಸಾಲಿಗ್ರಾಮದಲ್ಲಿ ಐತಾಳರ ಮನೇಲೇ ಇಳ್ಕೊಂಡಿದ್ದೆ. ಕೋಟದವರು ಅವರು. ಭಸ್ಮ ಹಚ್ಚೋ ಜನ, ನರಸಿಂಹಸ್ವಾಮೀನೇ ಅವರಿಗೆ ಗುರು. ಐತಾಳರ ಹಣೇಲಿ ನಮ್ಮ ನಾಮ ಎಲ್ಲಿಂದ ಬರತ್ತೆ? ನಿನ್ನ ಗಂಡ ಅಷ್ಟೂ ಯೋಚನೆ ಮಾಡ್ಲಿಲ್ವಾ?"

ಮಾಡಿರಲಿಲ್ಲ. ಉಡುಪಿಯ ಪಕ್ಕದಲ್ಲೇ ಹುಟ್ಟಿದ ನಮಗಿಬ್ಬರಿಗೂ ಇದು ಗೊತ್ತಿದ್ದ ಸಂಗತಿಯೇ. ಮದ್ರಾಸಿನಲ್ಲಿ ಇದನ್ನೆಲ್ಲ ಯಾರು ಬಲ್ಲರು ಎಂಬ ಧೈರ್ಯದಲ್ಲಿ ನಾವೇ ಮರೆತುಬಿಟ್ಟಿದ್ದೆವು.

"ಹಾಗಾದ್ರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ ಅಜ್ಜಿ?" ಎಂದೆ.

"ಹೇಳಿದ್ರೆ ನಾನು ದೋಸೆ ಬಿಡ್ಬೇಕಾಗ್ತಿತ್ತು ನೋಡು" ಎಂದು ಚಟ್ನಿ ಒರೆಸಿಕೊಂಡರು.

ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಎರಡೂ ಒಟ್ಟಿಗೆ ಬಂದಾಗ ಸೆರಗು ಬಾಯಿಗೆ ಹಿಡಿದುಕೊಂಡೆ. ಬೆನ್ನ ಮೇಲಿನ ಹೊರೆಯನ್ನು ಯಾರೋ ಇಳಿಸಿದಂತಾಯಿತು. ತಲೆಯೆತ್ತಿದರೆ ಅಡಿಗೆಮನೆಯ ಬಾಗಿಲಲ್ಲಿ ನೀರಜಾ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ.

"ಮಾಮಿ, ಭಯಪಡ್ಬೇಡಿ. ನಾನು ಯಾರ ಹೆಸರನ್ನೂ ಬರೆಯಲ್ಲ, ಹೋಟೆಲ್ ಹೆಸರೂ ಇಲ್ಲ. ಊರಲ್ಲಿರೋ ಒಂದು ಹೋಟೆಲ್ ಅಂತ ಅಷ್ಟೆ" ಎಂದಳು.

"ಹಾಗಾದರೆ ನಾಳೆ ಅವನನ್ನು ಕೇಳುವುದು ಬೇಡವಲ್ಲ" ಎಂದೆ.

ಅವಳು ನನ್ನ ಪಕ್ಕದಲ್ಲಿ ಕೂತಳು. ಅಜ್ಜಿಯನ್ನು ಅವಳು ತಮಿಳರಂತೆ ಪಾಟಿ ಎನ್ನುತ್ತಿದ್ದಳು. "ಪಾಟಿಗೆ ಗೊತ್ತು. ನಿಮಗೆ ಗೊತ್ತು. ವಕೀಲರಿಗೂ ಗೊತ್ತಿರತ್ತೆ, ಕೇಳಲ್ಲ ಅಷ್ಟೆ. ಕೇಳದೇ ಇದ್ರೆ ಎಲ್ಲರಿಗೂ ಅನುಕೂಲ. ಪಾಟಿಗೆ ದೋಸೆ ಸಿಗತ್ತೆ, ನಿಮ್ಮ ಹೋಟೆಲ್ ನಡೆಯತ್ತೆ. ನಿಂತ್ಕೊಂಡು ಊಟ ಮಾಡೋರು ಅವರೊಬ್ಬರೇ ಅಲ್ವಾ ಮಾಮಿ?"

ಅಜ್ಜಿಯ ಕೈ ಎಲೆಯ ಮೇಲೆ ನಿಂತಿತು. ಅವರು ನನ್ನನ್ನು ನೋಡಲಿಲ್ಲ. ನಾನೂ ಅವರನ್ನು ನೋಡಲಿಲ್ಲ. ಆಮೇಲೆ ಅವರು ಉಳಿದ ದೋಸೆಯನ್ನು ಮುಗಿಸಿ, "ನಾಳೇನೂ ಕಳಿಸು. ಅವನ ಹಣೇಲಿ ಏನಿದ್ರೂ ಕಳಿಸು" ಎಂದರು.

ಮನೆಗೆ ಬಂದು ನಮ್ಮವರಿಗೆ ಎಲ್ಲ ಹೇಳಿದೆ. ಮೊದಲು ಕೆಂಪಾದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಿಂದಿನ ಸಂಜೆಯಿಂದ ಬಿಗಿದುಕೊಂಡಿದ್ದ ಹೆಗಲು ಇಳಿದದ್ದು ನನಗೆ ಕಂಡಿತು. ಐತಪ್ಪನನ್ನು ಕರೆಸಿದರು. ಪೋರೂರಿನ ಮಾತು ಬಿಟ್ಟೆ ಎಂದರು. ಅಲ್ಲಿಗೆ ನಿಲ್ಲಿಸಬೇಕೋ ಬೇಡವೋ, "ನಾಳೆಯಿಂದ ನಾಮ ಬೇಡ, ಭಸ್ಮ ಹಚ್ಚು, ಆಗ ಸರಿ ಹೋಗ್ತದೆ" ಎಂದರು. ಸುಳ್ಳನ್ನು ತಿದ್ದಿ ಬರೆಯುವ ಆಸೆ ಅವರಿಗೆ ಇನ್ನೂ ಹೋಗಿರಲಿಲ್ಲ.

"ನನಗೆ ಎರಡೂ ಬೇಡ ಧನಿ" ಎಂದ ಐತಪ್ಪ.

ನಮ್ಮವರು ನನ್ನ ಮುಖ ನೋಡಿದರು. ನಾನು, "ಅವನ ಹಣೆ, ಅವನ ಇಷ್ಟ. ಅವನಿಲ್ಲದೆ ನಾಳೆ ಕಾವಲಿ ಹಿಡಿಯುವವರು ನೀವಾ?" ಎಂದೆ. ಅವರು ಕೊನೆಗೆ, "ಬಂದದ್ದು ಬರಲಿ" ಎಂದರು.

ಸೋಮವಾರ ಬೆಳಿಗ್ಗೆ ಐತಪ್ಪ ಬರಿ ಹಣೆಯಲ್ಲಿ ಕಾವಲಿಯ ಮುಂದೆ ನಿಂತ. ಜನಿವಾರವಿಲ್ಲದ ಎದೆಯ ಮೇಲೆ ಒಂದು ಬನಿಯನ್. ನಾನು ಅಡಿಗೆಮನೆಯ ಪರದೆಯ ಹಿಂದೆ ನಿಂತು ನೋಡುತ್ತಿದ್ದೆ. ವಕೀಲ ತಿರುಮಲ ರಾಯರು ಬಂದರು. ಒಳಕೋಣೆಗೆ ಹೋಗುವ ದಾರಿಯಲ್ಲಿ ಒಮ್ಮೆ ನಿಂತು ಅವನ ಹಣೆ ನೋಡಿದರು. ಹೋಗಿ ಕೂತರು.

"ಐತಾಳ್, ಒಂದು ರೋಸ್ಟ್. ನಲ್ಲಾ ಮುರುಗಲಾ ಇರ್ಲಿ" ಎಂದರು. ಗರಿಗರಿಯಾಗಿರಲಿ ಎನ್ನುವುದಕ್ಕೆ ಮೈಲಾಪೂರಿನ ಮಾತು ಅದು.

"ಐತಪ್ಪ, ಸಾರ್" ಎಂದ ಅವನು, ಹಿಟ್ಟು ಹೊಯ್ಯುತ್ತಾ.

"ಆಮಾ, ಆಮಾ" ಎಂದು ತಮಿಳಿನಲ್ಲೇ ಹೌದೆಂದು ವಕೀಲರು ಪೇಪರು ಬಿಡಿಸಿದರು. ಅಷ್ಟೇ. ಕೆಳಗಿನ ಬೀದಿಯ ಒಬ್ಬ ಆಚಾರ್ಯರು ಮಾತ್ರ ದೋಸೆ ಬೇಡವೆಂದು ಬರಿ ಕಾಫಿ ಕುಡಿದು ಹೋದರು. ಅವರು ದೋಸೆಗೆ ಮರಳಲು ಒಂದು ಮಳೆಗಾಲ ಹಿಡಿಯಿತು. ಉಳಿದವರು ಎಂದಿನಂತೆ ತಿಂದರು, ಎಂದಿನಂತೆ ಚಟ್ನಿ ಸಾಲದೆಂದು ಬೈದರು. ಆ ಬೈಗುಳ ನನಗೆ ಅಷ್ಟು ಹಿತವಾಗಿ ಕೇಳಿದ್ದು ಅದೇ ಮೊದಲು.

ಗದ್ದಲ ಮುಗಿದ ಮೇಲೆ ನೀರಜಾ ಐತಪ್ಪನನ್ನು ಕೇಳಿದಳು. ಅಡಿಗೆಮನೆಯಲ್ಲಿ, ಎಲ್ಲರ ಎದುರಿಗೆ ಅವನು ಹೇಳಿದ. ಹೆಸರು, ಕಾಪುವಿನ ಹತ್ತಿರದ ಊರು, ಅಪ್ಪ ಹತ್ತುತ್ತಿದ್ದ ತಾಳೆಮರ, ಪಲ್ಲಾವರದ ಜಲಜಾಕ್ಷಿ. ಮೀನಿನ ಸಾರನ್ನೂ ಬಿಡಲಿಲ್ಲ. ಚಂದು ಹಿತ್ತಿಲಿನಿಂದ ಕಿಸಕ್ಕನೆ ನಕ್ಕ.

ಎಲೆ ಹಾಕುವ ಹೊತ್ತಾಯಿತು. ಐತಪ್ಪ ಎಂದಿನಂತೆ ಬಾಳೆಲೆಯ ತುಂಡು ಹಿಡಿದು ಗೋಡೆಗೆ ಒರಗಿದ. ನಾನು ಅವನ ಕೈಯಿಂದ ಅದನ್ನು ತೆಗೆದುಕೊಂಡು, ಒಳಗಿನ ಸಾಲಿನಲ್ಲಿ ಹಾಸಿ, ಕೂತ್ಕೋ ಎಂದೆ. ಹಿರಿ ಭಟ್ಟರು ಏನೋ ಗೊಣಗಿದರು. ಆಮೇಲೆ ತಮ್ಮ ಎಲೆಯನ್ನು ಒಂದು ಮೊಳ ಆಚೆ ಎಳೆದುಕೊಂಡು ಕೂತರು. ಎದ್ದು ಹೋಗಲಿಲ್ಲ. ನೀರಜಾ ಆ ಒಂದು ಮೊಳವನ್ನು ನೋಡಿದಳು, ನಾನೂ ನೋಡಿದೆ. ಅದೇ ಖಾಲಿ ಜಾಗದಲ್ಲಿ ನಮ್ಮವರು ಗಲ್ಲಾದಿಂದ ಎದ್ದು ಬಂದು ಕೂತರು, ತಮ್ಮ ಹೋಟೆಲಿನ ಅಡಿಗೆಮನೆಯಲ್ಲಿ ಅವರು ನೆಲಕ್ಕೆ ಕೂತದ್ದು ಅದೇ ಮೊದಲು.

ಐತಪ್ಪನಿಗೆ ಬಿಸಿ ದೋಸೆ ಹಾಕುವವರು ಯಾರು? ನಾನೇ ಕಾವಲಿಯ ಮುಂದೆ ನಿಂತೆ. ಹಿಟ್ಟು ಹೊಯ್ದೆ, ತಿರುಗಿಸಿದೆ. ದೋಸೆ ಕಾವಲಿಗೆ ಕಚ್ಚಿಕೊಂಡಿತು. ಸಟ್ಟುಗದಿಂದ ಎಬ್ಬಿಸಿದರೆ ಮೂರು ಚೂರಾಯಿತು. ಹೊಗೆ ಎದ್ದಿತು. ಐತಪ್ಪನಿಗೆ ನೋಡಲಾಗಲಿಲ್ಲ, ಪಾಪ, ಅರ್ಧ ಎದ್ದು, "ಅಮ್ಮ, ಉರಿ ತಗ್ಗಿಸಿ, ನೀರು ಚಿಮುಕಿಸಿ, ನಾನು ಬರ್ತೇನೆ" ಎಂದ.

"ಕೂತ್ಕೋ ಐತಪ್ಪ" ಎಂದೆ.

ಅವನು ಕೂತ. ಸುಟ್ಟ ಚೂರುಗಳನ್ನು ಅವನ ಎಲೆಗೆ ಹಾಕಿದೆ. ಅವನು ಒಂದನ್ನು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, "ಬಿಸಿ ಉಂಟು" ಎಂದ.